ಕಾಯಿಲೆಯ ಮಟ್ಟೆ ಸುಲಿಯುತ್ತಿದ್ದ ದೊಡ್ಡಪ್ಪ

ಅವತ್ತು ಭಾನುವಾರ ಸಂಜೆ, ನಮ್ಮೂರ ಮನೆಯ ಜಗಲಿಯಲ್ಲಿ ನಾಲ್ಕು ಜನ ಇದ್ದೆವು. ಗೋಡೆಗೊರಗಿ ಕೂತಿದ್ದವರು ದೊಡ್ಡಪ್ಪ, ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದು ರಿಟೈರಾದವರು. ಹೊಸ್ತಿಲ ಒಳಗೆ ಅಕ್ಕಿ ಆರಿಸುತ್ತಿದ್ದವಳು ದೊಡ್ಡಮ್ಮ. ಕಂಬದ ಪಕ್ಕ ನಾನು, ತಿಪಟೂರಿನಲ್ಲಿ ಬಿ.ಎ. ಓದುತ್ತಾ ರಜೆಗೆ ಬಂದಿದ್ದವನು. ಮೆಟ್ಟಿಲ ಮೇಲೆ ಪಕ್ಕದ ಮನೆಯ ಸಿದ್ದಣ್ಣ, ಕೈಯಲ್ಲಿ ಡಾಕ್ಟರ ಚೀಟಿ.

ನಮ್ಮ ದೊಡ್ಡಪ್ಪನ ಊರಲ್ಲಿ ಕಾಯಿಲೆ ಬೀಳುವುದಕ್ಕೂ ಧೈರ್ಯ ಬೇಕಿತ್ತು ಅಂದರೆ ನೀವು ನಂಬಲಿಕ್ಕಿಲ್ಲ. ಸಿದ್ದಣ್ಣನನ್ನೇ ನೋಡಿ. ಪಾಪ, ಮಂಡಿ ಹಿಡಿದುಕೊಂಡು ತಿಪಟೂರಿಗೆ ಹೋಗಿ, ಅರ್ಧ ದಿನ ಕಾದು, ಒಂದು ದೊಡ್ಡ ಹೆಸರು ಸಂಪಾದಿಸಿಕೊಂಡು ಬಂದಿದ್ದ.

"ಆರ್ಥ್ರೈಟಿಸ್ ಅಂತೆ ಮೇಷ್ಟ್ರೇ" ಅಂದ, ಮಗನಿಗೆ ಸರ್ಕಾರಿ ಕೆಲಸ ಸಿಕ್ಕಿತು ಅನ್ನುವ ದನಿಯಲ್ಲಿ.

"ಡಾಕ್ಟ್ರಿಗೆ ನೀನೇನಂತ ಹೇಳ್ದೆ?"

"ಕೀಲು ಉರೀತವೆ ಸ್ವಾಮಿ ಅಂದೆ."

"ಗ್ರೀಕರ ಭಾಷೇಲಿ ಆರ್ಥ್ರಾನ್ ಅಂದ್ರೆ ಕೀಲು. ಹಿಂದುಗಡೆ ಐಟಿಸ್ ಬಂದ್ರೆ ಉರಿ ಅಂತ. ನೀನು ಹೇಳಿದ್ನೇ ಗ್ರೀಕಲ್ಲಿ ಬರ್ಕೊಟ್ಟವ್ರೆ ಕಣಪ್ಪ."

ಸಿದ್ದಣ್ಣ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ. "ಹಂಗಾದ್ರೆ ನಾನೇ ಹೇಳಿ ನಾನೇ ಕೇಳ್ಕೊಂಡು ಬಂದೆ ಅನ್ನಿ" ಎಂದು ಚೀಟಿ ಮಡಿಸಿ ಜೇಬಿಗಿಟ್ಟುಕೊಂಡ. ಆಮೇಲೆ ಎಷ್ಟೋ ದಿನ ಅವನು ಯಾವ ಚೀಟಿಯನ್ನೂ ನಮ್ಮ ಜಗಲಿಗೆ ತರಲಿಲ್ಲ.

ಈ ಹುಚ್ಚು ದೊಡ್ಡಪ್ಪನಿಗೆ ಹತ್ತಿದ್ದು ಕಾಲೇಜಿನಲ್ಲಿ. ಪ್ರಾಣಿಶಾಸ್ತ್ರ ಹೇಳುತ್ತಿದ್ದ ಒಬ್ಬ ಮುದುಕ ಲೆಕ್ಚರರು, "ಪದಾನ ಬಾಯಿಪಾಠ ಮಾಡಬೇಡ್ರೋ, ಸುಲೀರಿ" ಅಂದರಂತೆ. ಬೇರೆ ಹುಡುಗರಿಗೆ ಅದು ಬರಿಯ ಮಾತು. ತೆಂಗಿನ ಸೀಮೆಯ ದೊಡ್ಡಪ್ಪನಿಗೆ ಅದು ಅಪ್ಪಣೆ. ಅಂದಿನಿಂದ ಅವರಿಗೆ ಕಂಡದ್ದೆಲ್ಲ ಕಾಯಿ. ಮೊದಲು ಮಟ್ಟೆ, ಆಮೇಲೆ ಚಿಪ್ಪು, ಒಳಗೆ ಕೊಬ್ಬರಿ. ಹಿಪ್ಪೋ ಅಂದರೆ ಕುದುರೆ, ಪೊಟಾಮಸ್ ಅಂದರೆ ಹೊಳೆ. ರೈನೋ ಅಂದರೆ ಮೂಗು, ಸೆರಾಸ್ ಅಂದರೆ ಕೊಂಬು. "ಗ್ರೀಕರೇನು ದೊಡ್ಡದು ಹೇಳ್ಲಿಲ್ಲ ಕಣ್ಲಾ. ಕಂಡದ್ನ ಕಂಡಂಗೆ ಅಂದ್ರು. ನಮಗೆ ಅರ್ಥವಾಗ್ಲಿಲ್ಲ, ಅದಕ್ಕೆ ಕೈ ಮುಗಿದ್ವಿ" ಎನ್ನುತ್ತಿದ್ದರು.

ಒಮ್ಮೆ ಬೆಂಗಳೂರಿನಲ್ಲಿದ್ದ ದೊಡ್ಡಪ್ಪನ ಷಡ್ಡಕರೊಬ್ಬರು ಬಂದರು. ಮೈಯೆಲ್ಲ ತುರಿಕೆ, ಆದರೆ ಮುಖದಲ್ಲಿ ಗತ್ತು. ದೊಡ್ಡ ಸ್ಪೆಷಲಿಸ್ಟು ನೋಡಿ ಇದು ಸಾಮಾನ್ಯದ ತುರಿಕೆಯಲ್ಲ, ಇಡಿಯೋಪಥಿಕ್ ಅಂದರಂತೆ. ದೊಡ್ಡಪ್ಪ ಕಾಫಿ ಲೋಟ ಕೆಳಗಿಟ್ಟರು. ದೊಡ್ಡಮ್ಮ ಒಳಗಿನಿಂದಲೇ, "ಬ್ಯಾಡ ಕಣ್ರೀ, ನೆಂಟರು" ಅಂದಳು. ಅವರು ಕೇಳುತ್ತಾರೆಯೇ?

"ಇಡಿಯೋಸ್ ಅಂದ್ರೆ ತನ್ನದೇ. ಪೇಥಾಸ್ ಅಂದ್ರೆ ನೋವು, ಬಾಧೆ. ತಂತಾನೇ ಬಂದ ಬಾಧೆ. ಅಂದ್ರೆ ಯಾಕೆ ಬಂತೋ ಡಾಕ್ಟ್ರಿಗೂ ಗೊತ್ತಿಲ್ಲ ಅಂತ."

ಷಡ್ಡಕರು ಊಟ ಮಾಡಿಕೊಂಡು ಹೋಗುವವರು ತಿಂಡಿಗೇ ಎದ್ದರು.

ಕೆಲಸದಲ್ಲಿದ್ದಾಗ ಸ್ಕೂಲಿನಲ್ಲೂ ಇದೇ ಕಥೆ. ಹೆಡ್‌ಮಾಸ್ಟರು ಯಾವುದೋ ವಿಷಯಕ್ಕೆ ಕೂಗಾಡುತ್ತಿದ್ದಾಗ ಒಬ್ಬ ಮೇಷ್ಟ್ರು ಮೆಲ್ಲಗೆ, "ಇವ್ರಿಗೆ ಹಿಸ್ಟೀರಿಯಾ ಬಂದದೆ" ಅಂದರಂತೆ. ದೊಡ್ಡಪ್ಪನಿಗೆ ಅನ್ಯಾಯ ಸಹಿಸಲಾಗಲಿಲ್ಲ. "ತಪ್ಪು ಕಣ್ರೀ. ಹಿಸ್ಟೆರಾ ಅಂದ್ರೆ ಗರ್ಭಕೋಶ. ಅದರಿಂದ ಬರೋ ಕಾಯಿಲೆ ಅಂತ ಹಳೇ ಗ್ರೀಕರು ತಿಳ್ಕೊಂಡಿದ್ರು. ಇವ್ರಿಗೆ ಗರ್ಭಕೋಶ ಎಲ್ಲದೆ?" ಎಂದು ಗಟ್ಟಿಯಾಗಿಯೇ ಕೇಳಿದರು. ಅಷ್ಟರಲ್ಲಿ ಹೆಡ್‌ಮಾಸ್ಟರು ಬಾಗಿಲಿಗೇ ಬಂದು ನಿಂತಿದ್ದರು. "ಸಾರ್, ನಾನು ನಿಮ್ಮ ಪರವಾಗೇ ಮಾತಾಡ್ತಿದ್ದೆ" ಎಂದರಂತೆ ದೊಡ್ಡಪ್ಪ. ಮುಂದಿನ ವರ್ಷ ಅವರಿಗೆ ಹುಳಿಯಾರಿನ ಕಡೆಗೆ ವರ್ಗವಾಯಿತು.

ಇಂಥ ಮನುಷ್ಯನ ಮನೆಗೇ ಒಂದು ದಿನ ದೊಡ್ಡ ಹೆಸರಿನ ಕಾಯಿಲೆ ಬಂತು. ದೊಡ್ಡಮ್ಮನಿಗೆ ಉಂಡ ಮೇಲೆ ಬಲಪಕ್ಕೆಯಲ್ಲಿ ನೋವು. ಹಿಡಿಯಿತೆಂದರೆ ಕಂಬ ತಬ್ಬಿಕೊಂಡು ಕೂತುಬಿಡುವಳು. ಸ್ಕ್ಯಾನಿಂಗ್ ಮಾಡಿಸಿದಾಗ ಪಿತ್ತಕೋಶದ ತುಂಬ ಕಲ್ಲು. ತುಮಕೂರಿನ ಸರ್ಜನ್ನರು ಕೋಲಿಸಿಸ್ಟೆಕ್ಟಮಿ ಆಗಬೇಕು, ತಡ ಮಾಡಬೇಡಿ, ಕಲ್ಲು ಜಾರಿ ಪಿತ್ತ ಹರಿಯುವ ದಾರಿಗೆ ಅಡ್ಡ ಬಿದ್ದರೆ ಜೀವಕ್ಕೆ ಅಪಾಯ ಅಂದರು.

ದೊಡ್ಡಮ್ಮ ಒಪ್ಪಲಿಲ್ಲ. ಯಾಕೆ ಅನ್ನುತ್ತೀರಿ?

ಒಂದು ಬೆಳಿಗ್ಗೆ ಅಡುಗೆಮನೆಗೆ ಹೋದರೆ ಅವಳು ಕಂಬ ಹಿಡಿದುಕೊಂಡು ಸೊಂಟದಿಂದ ಮೇಲಕ್ಕೆ ಗಡಗಡ ಅಲ್ಲಾಡುತ್ತಿದ್ದಳು.

"ಏನ್ ದೊಡ್ಡಮ್ಮ, ಮೈಮೇಲೆ ದೇವ್ರು ಬಂತಾ?"

"ಸುಮ್ನಿರ್ಲಾ. ಇಲ್ಲಿ ಕಿವಿ ಕೊಡು. ಸದ್ದು ಬತ್ತದಾ?"

ನಾನು ಪಕ್ಕೆಗೆ ಕಿವಿಯಿಟ್ಟೆ. ಬಳೆಯ ಸದ್ದು ಬಿಟ್ಟು ಬೇರೇನೂ ಬರಲಿಲ್ಲ.

"ನೋಡ್ದಾ. ಇನ್ನೂ ಆಗಿಲ್ಲ" ಅಂದಳು.

ನಮ್ಮ ಕಡೆ ಕಾಯಿಯನ್ನು ಕಿತ್ತ ಕೂಡಲೇ ಒಡೆಯುವುದಿಲ್ಲ. ಮಟ್ಟೆಸಮೇತ ಅಟ್ಟದ ಮೇಲೆ ಹಾಕಿ ವರ್ಷಗಟ್ಟಲೆ ಬಿಡುತ್ತೇವೆ. ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಆಗಲೇ ಒಡೆಯುವುದು. ಅದಕ್ಕೆ ಮೊದಲೇ ಒಡೆದರೆ ಹಾಳು. ಹುಟ್ಟಿದಾಗಿನಿಂದ ಅದನ್ನೇ ನೋಡಿಕೊಂಡು ಬಂದ ದೊಡ್ಡಮ್ಮ, ಹೊಟ್ಟೆಯೊಳಗೆ ಕಲ್ಲಿದ್ದು ಸದ್ದಿಲ್ಲ ಅಂದರೆ ಒಡೆಯುವ ಹೊತ್ತು ಬಂದಿಲ್ಲ ಎಂದು ತೀರ್ಮಾನಿಸಿದ್ದಳು. ನಗಬೇಡಿ. ಒಣಗಿದ ಗಿಟುಕು ಕಾಯಿ ಅಲ್ಲಾಡಿಸಿಯೇ ತಲೆ ನರೆಸಿಕೊಂಡ ಸಿದ್ದಣ್ಣ ಕೂಡ ಗಂಭೀರವಾಗಿ, "ಅಕ್ಕ ಹೇಳೋದ್ರಲ್ಲೂ ನ್ಯಾಯ ಅದೆ" ಅಂದ.

ದೊಡ್ಡಪ್ಪ ತಮ್ಮ ಆಯುಧ ತೆಗೆದರು. ಅವಳನ್ನು ಕೂರಿಸಿಕೊಂಡು, "ಹೆದರಬ್ಯಾಡ ಕಣೇ. ಕೋಲೆ ಅಂದ್ರೆ ಪಿತ್ತ. ಕಿಸ್ಟಿಸ್ ಅಂದ್ರೆ ಚೀಲ. ಎಕ್ ಅಂದ್ರೆ ಹೊರಕ್ಕೆ. ಟೊಮೆ ಅಂದ್ರೆ ಕೊಯ್ಯೋದು..."

"ಕೊಯ್ಯೋದಾ?" ದೊಡ್ಡಮ್ಮ ಎದ್ದೇಬಿಟ್ಟಳು. "ಡಾಕ್ಟ್ರು ಪಾಪ ಇಷ್ಟುದ್ದ ಹೆಸರೇಳಿ ಮುಚ್ಚಿಟ್ಟಿದ್ರು. ನೀವು ಸುಲಿದು ತೋರಿಸಿದ್ರಲ್ಲ."

ಜೀವಮಾನವಿಡೀ ಹೆಸರು ಸುಲಿದು ಜನರ ಭಯ ಕಳೆದ ಮನುಷ್ಯ, ತನ್ನ ಹೆಂಡತಿಗೆ ಭಯ ಹುಟ್ಟಿಸಿ ಕೂತಿದ್ದರು. ಅವತ್ತು ಅವರು ಊಟಕ್ಕೆ ಏಳಲಿಲ್ಲ. ಆಮೇಲೆ ವಾರಗಟ್ಟಲೆ ಜಗಲಿಯಲ್ಲಿ ಒಂದು ಗ್ರೀಕ್ ಪದವೂ ಕೇಳಲಿಲ್ಲ. ಯಾರೋ ಬಂದು ಡಯಾಬಿಟಿಸ್ ಅಂದರೂ "ಹೌದಾ" ಅಂದು ಸುಮ್ಮನಾದರು. ಇದಕ್ಕಿಂತ ಅಪಾಯದ ಲಕ್ಷಣ ಇನ್ನೇನು ಬೇಕು?

ಒಂದು ಮಧ್ಯಾಹ್ನ ದೊಡ್ಡಮ್ಮನಿಗೆ ನೋವು ಹಿಡಿದು ಬೆವರಿಟ್ಟಿತು. ಕಣ್ಣು ಹಳದಿಗೆ ತಿರುಗಿದೆಯೇನೋ ಅನ್ನಿಸಿತು ನನಗೆ. ನೋವು ಇಳಿದ ಮೇಲೆ ದೊಡ್ಡಪ್ಪ ತೋಟಕ್ಕೆ ಹೋಗಿ ಒಂದು ಎಳನೀರು ತಂದರು. ಅಟ್ಟದಿಂದ ಒಂದು ಒಣಗಿದ ಕಾಯಿ ಇಳಿಸಿದರು. ಅವಳ ಕಿವಿಯ ಹತ್ತಿರ ಹಿಡಿದು ಮೊದಲು ಒಣಕಾಯಿ ಅಲ್ಲಾಡಿಸಿದರು. ಲೊಟಲೊಟ. ಆಮೇಲೆ ಎಳನೀರು. ಸದ್ದಿಲ್ಲ.

"ಇದ್ಯಾಕೆ ಸದ್ದು ಮಾಡ್ತಿಲ್ಲ ಹೇಳು."

"ನೀರು ತುಂಬ್ಕೊಂಡದಲ್ಲ, ಹೆಂಗ್ ಮಾಡ್ತದೆ?" ಅಂದಳು ದೊಡ್ಡಮ್ಮ, ಇದೂ ಗೊತ್ತಿಲ್ಲವೇ ಈ ಮೇಷ್ಟ್ರಿಗೆ ಅನ್ನುವ ಹಾಗೆ.

"ನಿನ್ನ ಚೀಲದಲ್ಲೂ ಪಿತ್ತ ತುಂಬ್ಕೊಂಡದೆ ಕಣೇ. ಕಲ್ಲು ಅದ್ರೊಳಗೆ ಮುಳುಗವೆ. ನೀನಿರೋವರ್ಗೂ ಅದು ಆರಲ್ಲ, ಸದ್ದೂ ಬರಲ್ಲ. ಅದು ಕೊಬ್ಬರಿಯಾಗೋ ಕಾಯಲ್ಲ."

ನೋಡಲು ಬಂದಿದ್ದ ಸಿದ್ದಣ್ಣ ಎಳನೀರನ್ನು ತಾನೂ ಇಸಿದುಕೊಂಡು ಅಲ್ಲಾಡಿಸಿ ನೋಡಿದ. "ಅಕ್ಕ, ಮೇಷ್ಟ್ರು ಗೆದ್ರು" ಅಂದ. ಗ್ರೀಕರೆಲ್ಲ ಸೇರಿ ಗೆಲ್ಲಲಾಗದ ಯುದ್ಧವನ್ನು ನಮ್ಮ ತೋಟದ ಎಳನೀರು ಗೆದ್ದಿತ್ತು.

ದೊಡ್ಡಮ್ಮ ಒಣಕಾಯಿಯನ್ನು ಪಕ್ಕಕ್ಕೆ ಸರಿಸಿ, "ಬತ್ತೀನಿ. ಆದ್ರೆ ಆಸ್ಪತ್ರೇಲಿ ನೀವು ಒಂದು ಹೆಸರೂ ಸುಲಿಯಂಗಿಲ್ಲ" ಅಂದಳು.

ತುಮಕೂರಿನ ಆ ಆಸ್ಪತ್ರೆ ದೊಡ್ಡಪ್ಪನಿಗೆ ಹೇಗಿತ್ತು ಅಂದರೆ, ಉಪವಾಸದವನನ್ನು ಮದುವೆ ಊಟದ ಪಂಕ್ತಿಯಲ್ಲಿ ಕೂರಿಸಿದ ಹಾಗೆ. ಬಾಗಿಲು ಬಾಗಿಲಿಗೂ ಒಂದೊಂದು ಬೋರ್ಡು. ಕಾರ್ಡಿಯಾಲಜಿ, ಪೀಡಿಯಾಟ್ರಿಕ್ಸ್, ಆರ್ಥೋಪೆಡಿಕ್ಸ್. ಅವರು ತುಟಿ ಕಚ್ಚಿಕೊಂಡು, ತಲೆ ಬಗ್ಗಿಸಿಕೊಂಡು ನಡೆದರು. ಆಪರೇಷನ್ನಿನ ಬೆಳಿಗ್ಗೆ ನರ್ಸಮ್ಮ ಬಂದು, "ಅನಸ್ತೀಸಿಯಾ ಡಾಕ್ಟ್ರು ಬತ್ತಾವ್ರೆ, ರೆಡಿಯಾಗಿ" ಅಂದಳು. ದೊಡ್ಡಪ್ಪ ಬಾಯಿ ತೆರೆದರು, ಕೊಟ್ಟ ಮಾತು ನೆನಪಾಗಿ ಮತ್ತೆ ಮುಚ್ಚಿಕೊಂಡರು.

ದೊಡ್ಡಮ್ಮ ಅದನ್ನು ನೋಡಿದಳು. "ಹೇಳ್ಬುಡಿ ಅತ್ಲಾಗೆ. ತಡ್ಕೊಂಡು ನೀವೂ ಪಕ್ಕದ ಮಂಚಕ್ಕೆ ಬಿದ್ದೀರಿ."

"ಅನ್ ಅಂದ್ರೆ ಇಲ್ಲ" ಅಂದರು ದೊಡ್ಡಪ್ಪ, ಮಗ್ಗಿ ಒಪ್ಪಿಸುವ ಮಗುವಿನ ಹಾಗೆ. "ಈಸ್ತೆಸಿಸ್ ಅಂದ್ರೆ ಅರಿವು. ನಿನಗೇನೂ ಗೊತ್ತಾಗಲ್ಲ ಕಣೇ."

"ನಿಮಗೆ ಗೊತ್ತಿರ್ತದಲ್ಲ. ಸಾಕು ಬುಡಿ" ಅಂದಳು ದೊಡ್ಡಮ್ಮ.

ಗಾಲಿಮಂಚ ಒಳಗೆ ಹೋಯಿತು. ನಾವಿಬ್ಬರೂ ಬೆಂಚಿನ ಮೇಲೆ ಕೂತೆವು. ಎದುರು ಗೋಡೆಯ ತುಂಬ ದೊಡ್ಡಪ್ಪನಿಗೆ ಪ್ರಿಯವಾದ ಹೆಸರುಗಳೇ. ಅವರು ಒಂದನ್ನೂ ನೋಡಲಿಲ್ಲ. ಕೊನೆಗೆ ಸರ್ಜನ್ನರು ಹೊರಗೆ ಬಂದು, ಮುಖದ ಬಟ್ಟೆ ಇಳಿಸಿ, ಮೇಷ್ಟ್ರೆಂದು ಗೊತ್ತಿದ್ದದ್ದರಿಂದ ವಿವರವಾಗಿಯೇ ಇಂಗ್ಲಿಷಿನಲ್ಲಿ ಶುರು ಮಾಡಿದರು. ದೊಡ್ಡಪ್ಪ ಎರಡೂ ಕೈ ಮುಗಿದರು.

"ಸಾರ್, ಕನ್ನಡದಲ್ಲಿ ಹೇಳಿ ಸಾರ್."

"ಚೆನ್ನಾಗಿದ್ದಾರೆ ಮೇಷ್ಟ್ರೇ" ಅಂದರು ಡಾಕ್ಟರು.

ದೊಡ್ಡಪ್ಪ ನನ್ನ ಕಡೆ ತಿರುಗಿ, ನನಗೆ ಕೇಳಿಸಿಲ್ಲವೇನೋ ಅನ್ನುವಂತೆ, "ಚೆನ್ನಾಗವಳಂತೆ ಕಣ್ಲಾ" ಅಂದರು. ಆಮೇಲೆ ಹೆಗಲ ಮೇಲಿನ ಟವೆಲನ್ನು ಮುಖಕ್ಕೆ ಒತ್ತಿಕೊಂಡರು.

ಕೆಲವು ವಾರಗಳ ಮೇಲೆ ಡಾಕ್ಟರು ಮತ್ತೊಮ್ಮೆ ನೋಡಿ, ಇನ್ನು ಏನು ಬೇಕಾದರೂ ತಿನ್ನಬಹುದು ಅಂದರು. ಬರುವಾಗ ಮೂವರೂ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸಿಳಿದು ಹೋಟೆಲಿಗೆ ಹೋದೆವು. ದೊಡ್ಡಮ್ಮ ಬಿಸಿ ಉದ್ದಿನ ವಡೆ ತಿಂದಳು. ತಿಂದ ಮೇಲೆ ಪಕ್ಕೆ ಮುಟ್ಟಿ ನೋಡಿಕೊಳ್ಳಲಿಲ್ಲ. ದೊಡ್ಡಪ್ಪ ತಮ್ಮ ತಟ್ಟೆಯಲ್ಲಿದ್ದ ವಡೆಯನ್ನೂ ಎತ್ತಿ ಅವಳ ತಟ್ಟೆಗೆ ಹಾಕಿದರು.