‘ಮತ್ತೆ ಬನ್ನಿ’ ಅಭಿಯಾನದ ಏಕೈಕ ಫಲಾನುಭವಿ

೨೦೦೯ನೇ ಇಸವಿ ಮಾರ್ಚ್ ಎರಡನೇ ತಾರೀಖು ಸೋಮವಾರದಿಂದ ಜಾರಿಗೆ ಬರುವಂತೆ, ನಮ್ಮ ಆಸ್ಪತ್ರೆಯ ಅರವತ್ತೊಂದು ಮಂದಿ ನರ್ಸುಗಳಿಗೆ ನರ್ಸಿಂಗ್ ಬರುವುದಿಲ್ಲವೆಂದು ಆಡಳಿತ ಮಂಡಳಿ ಸರ್ವಾನುಮತದಿಂದ ತೀರ್ಮಾನಿಸಿತು. ಭಾನುವಾರದವರೆಗೂ ಅವರಿಗೆ ಬರುತ್ತಿತ್ತು.

ಈ ಅರವತ್ತೊಂದು ಮಂದಿಯೂ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಓದಿ, ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ಪಡೆದವರು. ಆದರೆ ‘ಶ್ರೇಷ್ಠ ಶುಶ್ರೂಷಾ ಫಲಕ’ ಎಂಬ ಹಿತ್ತಾಳೆಯ ಫಲಕವೊಂದನ್ನು ಮುಂಬಾಗಿಲಿಗೆ ಹಾಕಿಸಬೇಕೆಂದು ಮಂಡಳಿಗೆ ಬಹುಕಾಲದ ಆಸೆ. ಫಲಕ ಕೊಡುವ ಸಂಸ್ಥೆ, ನರ್ಸುಗಳೆಲ್ಲರೂ ನಾಲ್ಕು ವರ್ಷದ ಬ್ಯಾಚುಲರ್ ಡಿಗ್ರಿ ಪಡೆದಿರತಕ್ಕದ್ದು ಎಂದಿತ್ತು. ಸುತ್ತೋಲೆಯ ಮೊದಲ ಪುಟದ ಪ್ರಕಾರ, ಹದಿನೈದು ತಿಂಗಳೊಳಗೆ ಆ ಡಿಗ್ರಿ ತರದವರನ್ನು ಕೆಲಸದಿಂದ ಬಿಡುಗಡೆ ಮಾಡಲಾಗುವುದು. ಎರಡನೇ ಪುಟದ ಪ್ರಕಾರ, ದೇಶದ ಆರ್ಥಿಕ ಪರಿಸ್ಥಿತಿಯನ್ನು ಗಮನದಲ್ಲಿಟ್ಟುಕೊಂಡು, ಓದುವ ನರ್ಸುಗಳಿಗೆ ಕೊಡುತ್ತಿದ್ದ ಫೀಸಿನ ಸಹಾಯವನ್ನು ನಿಲ್ಲಿಸಲಾಗಿದೆ. ಎರಡೂ ಪುಟ ಸೇರಿಸಿ ಪಿನ್ ಹೊಡೆದವನು ನಾನೇ. ನಾನು ಕೃಷ್ಣಸ್ವಾಮಿ, ಗುಣಮಟ್ಟ ವಿಭಾಗದ ದಾಖಲೆ ಅಧಿಕಾರಿ. ನಮ್ಮ ತಂದೆ ಮಂಡ್ಯದ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದರು. ಹಾಗಾಗಿ ನ್ಯೂಜೆರ್ಸಿಗೆ ಬಂದ ಮೇಲೂ ನನಗೆ ಯಾವುದೂ ಹೊಸದೆನಿಸಲಿಲ್ಲ.

ನಾಲ್ಕನೇ ಮಹಡಿಯ ಹೃದ್ರೋಗ ವಾರ್ಡಿನ ಸರೋಜಿನಿಯವರು ಅರವತ್ತೊಂದು ಮಂದಿಯಲ್ಲಿ ಒಬ್ಬರು. ಕಾರ್ಕಳದವರು, ಮನೆ ವುಡ್‌ಬ್ರಿಡ್ಜಿನಲ್ಲಿ, ಹತ್ತೊಂಬತ್ತು ವರ್ಷದ ಸರ್ವೀಸು. ಗಂಡ ತನಿಯಪ್ಪನವರನ್ನು ಮಾರಿಸ್‌ಟೌನಿನ ಕಂಪನಿ ಹಿಂದಿನ ನವೆಂಬರಿನಲ್ಲೇ ಲೇ ಆಫ್ ಮಾಡಿತ್ತು. ಅವರಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಬರುತ್ತಿದ್ದುದು ಹೆಂಡತಿಯ ಕೆಲಸದ ಇನ್ಶೂರೆನ್ಸಿನಿಂದ. ಆ ಕೆಲಸ ಹೋದರೆ ಇನ್ಸುಲಿನ್ನೂ ಹೋಗುತ್ತಿತ್ತು. ಇದು ಸುತ್ತೋಲೆಯ ವ್ಯಾಪ್ತಿಗೆ ಬರುವ ವಿಷಯವಲ್ಲ.

ಸರೋಜಿನಿಯವರು ಆನ್‌ಲೈನ್ ಕಾಲೇಜೊಂದಕ್ಕೆ ಸೇರಿದರು. ಹತ್ತೊಂಬತ್ತು ವರ್ಷದ ಅನುಭವಕ್ಕೆ ಏನಾದರೂ ವಿನಾಯಿತಿ ಉಂಟೇ ಎಂದು ಕೇಳಿದ್ದಕ್ಕೆ, ಸದರಿ ಅನುಭವವು ಕೆಲಸ ಮಾಡುವಾಗ ಬಂದದ್ದಾದ್ದರಿಂದ ಅದನ್ನು ಕಲಿಕೆಯೆಂದು ಪರಿಗಣಿಸಲಾಗದು ಎಂದು ಕಾಲೇಜು ಉತ್ತರಿಸಿತು. ಅವರ ಕೈಕೆಲಸ ನೋಡಿ ಸಹಿ ಹಾಕಲು ಬ್ಯಾಚುಲರ್ ಡಿಗ್ರಿಯ ನರ್ಸೊಬ್ಬರು ಮೇಲ್ವಿಚಾರಕರಾಗಿ ಬೇಕಿತ್ತು. ವಾರ್ಡಿನಲ್ಲಿ ಅಂಥವರು ಒಬ್ಬರೇ: ಮಾನ್ಮತ್ ಜಂಕ್ಷನ್ನಿನ ಕನ್ನಡದವರ ಮಗಳು ಪ್ರಣೀತಾ, ವಯಸ್ಸು ಇಪ್ಪತ್ಮೂರು. ಹಿಂದಿನ ವರ್ಷ ಅವಳಿಗೆ ಸೂಜಿ ಚುಚ್ಚುವುದನ್ನು ಕಲಿಸಿದ್ದವರು ಸರೋಜಿನಿಯವರೇ. “ಆಂಟಿ, ದಿಸ್ ಈಸ್ ಸೋ ವಿಯರ್ಡ್” ಎನ್ನುತ್ತ ಪ್ರಣೀತಾ, ಅಭ್ಯರ್ಥಿಗೆ ಬಿಪಿ ನೋಡಲು ತೃಪ್ತಿಕರವಾಗಿ ಬರುತ್ತದೆ ಎಂಬಲ್ಲಿ ಸಹಿ ಹಾಕಿದಳು.

ಇಷ್ಟರಲ್ಲಿ ಆಸ್ಪತ್ರೆಗೆ ಇನ್ನೊಂದು ಕಷ್ಟ ಬಂತು. ಜನರ ಕೆಲಸ ಹೋಗಿ, ಜೊತೆಗೆ ಇನ್ಶೂರೆನ್ಸೂ ಹೋಗಿ, ಕಾಯಿಲೆ ಇದ್ದವರೂ ಆಸ್ಪತ್ರೆಯ ಕಡೆ ತಲೆ ಹಾಕುತ್ತಿರಲಿಲ್ಲ. ಹಾಸಿಗೆಗಳು ಖಾಲಿ ಹೊಡೆಯುತ್ತಿದ್ದವು. ಮಂಡಳಿ ಮ್ಯಾನ್‌ಹಾಟನ್ನಿನಿಂದ ಹೋಟೆಲ್ ಉದ್ಯಮದ ಸಲಹೆಗಾರನೊಬ್ಬನನ್ನು ಕರೆಸಿತು. ಅವನು ಮೂರು ದಿನ ಅಧ್ಯಯನ ಮಾಡಿ ‘ಮತ್ತೆ ಬನ್ನಿ’ ಅಭಿಯಾನವನ್ನು ರೂಪಿಸಿದ. ನಿಯಮ ಒಂದು: ಆಸ್ಪತ್ರೆಯಿಂದ ಹೊರಹೋಗುವ ಪ್ರತಿಯೊಬ್ಬರಿಗೂ ಸಿಬ್ಬಂದಿಯು ಮುಗುಳ್ನಗುತ್ತಾ, “ನಮ್ಮನ್ನು ಆರಿಸಿಕೊಂಡದ್ದಕ್ಕೆ ಧನ್ಯವಾದ, ದಯವಿಟ್ಟು ಮತ್ತೆ ಬನ್ನಿ” ಎನ್ನತಕ್ಕದ್ದು. ನಿಯಮ ಎರಡು: ರೋಗಿಯು ತೀರಿಕೊಂಡ ಪಕ್ಷದಲ್ಲಿ ಈ ಮಾತನ್ನು ಹತ್ತಿರದ ಬಂಧುಗಳಿಗೆ ಹೇಳತಕ್ಕದ್ದು.

ಸರೋಜಿನಿಯವರು ಹೇಳಲಿಲ್ಲ. ಹೇಳದೆ ಸುಮ್ಮನಿದ್ದರೂ ಆಗುತ್ತಿತ್ತು. ಮನೆಗೆ ಹೊರಟ ಪ್ರತಿ ರೋಗಿಯ ಪಕ್ಕ ಅರ್ಧ ಗಂಟೆ ಕೂತು, ಯಾವ ಮಾತ್ರೆ ಯಾವಾಗ, ಡಬ್ಬಿಯ ಸೂಪಿನಲ್ಲಿ ಎಷ್ಟು ಉಪ್ಪು ಎಂದೆಲ್ಲ ಬಿಡಿಸಿ ಹೇಳಿ, ಕೊನೆಗೆ ಕೈಹಿಡಿದು, “ಇನ್ನು ಇಲ್ಲಿಗೆ ಬರಬೇಡಿ” ಎಂದುಬಿಡುತ್ತಿದ್ದರು. ಆರು ವಾರಕ್ಕೊಮ್ಮೆ ತಪ್ಪದೆ ಬಂದು ಮಲಗುತ್ತಿದ್ದ ನಿವೃತ್ತ ಬಸ್ ಡ್ರೈವರ್ ಒಬ್ಬ ಏಪ್ರಿಲಿನಿಂದ ನಾಪತ್ತೆಯಾದ. ಕ್ರಿಸ್‌ಮಸ್ಸಿಗೆ ಅವನದೊಂದು ಕಾರ್ಡು ಬಂತು: ತಾವು ಹೇಳಿದಂತೆ ನಡೆದುಕೊಂಡಿದ್ದೇನೆ.

ಕಾರ್ಡು ಸಾಕ್ಷ್ಯವಾಯಿತು. ನಾಲ್ಕನೇ ಮಹಡಿಯಿಂದ ಮನೆಗೆ ಹೋದವರು ತಿರುಗಿ ಬರುತ್ತಿಲ್ಲ ಎಂಬ ಗಂಭೀರ ಆಪಾದನೆಯ ಮೇಲೆ ವಿಚಾರಣೆ ಆರಂಭವಾಗಿ, ಹೇಳಿಕೆ ಬರೆದುಕೊಳ್ಳಲು ನನ್ನನ್ನು ಕಳಿಸಿದರು.

“ಎಂತ ಮಾರಾಯ್ರೆ, ಆಸ್ಪತ್ರೆಯಿಂದ ಹೋಗುವವರಿಗೆ ಮತ್ತೆ ಬನ್ನಿ ಅಂತ ಹೇಳುದಾ? ನನ್ನ ಬಾಯಲ್ಲಿ ಬರುದಿಲ್ಲ” ಎಂದರು.

“ಸಿಸ್ಟರ್, ಅದು ರೂಲು. ಕೆಲಸ ಹೋಗುತ್ತೆ.”

“ನಿಮ್ಮ ಅಮ್ಮನಿಗೆ ಯಾರಾದ್ರೂ ಹಾಗೆ ಹೇಳಿದ್ರೆ ನೀವು ಸುಮ್ಮನಿರ್ತೀರಾ?”

ನನಗೆ ನಾಚಿಕೆಯಾಯಿತು. ಚಿಕ್ಕಂದಿನಲ್ಲಿ ಡಾಕ್ಟರ ಶಾಪಿನಿಂದ ಹೊರಡುವಾಗ “ಬರ್ತೀನಿ ಡಾಕ್ಟ್ರೇ” ಎಂದದ್ದಕ್ಕೆ ಅಜ್ಜಿಯ ಕೈಯಲ್ಲಿ ತಲೆಗೆ ಮೊಟಕಿಸಿಕೊಂಡವನು ನಾನು. ಆದರೆ ನಮೂನೆಯಲ್ಲಿ ನಾಚಿಕೆಗೆ ಕಾಲಂ ಇರಲಿಲ್ಲ. ‘ಆಪಾದಿತರು ತಪ್ಪನ್ನು ಒಪ್ಪಿಕೊಂಡಿದ್ದಾರೆ’ ಎಂದು ಬರೆದುಕೊಂಡು ಬಂದೆ.

ಡಿಗ್ರಿಯ ಕೊನೆಯ ಹಂತದಲ್ಲಿ, ವಾರ್ಡಿನ ಯಾವುದಾದರೊಂದು ಪದ್ಧತಿಯ ಮೇಲೆ ಪ್ರಬಂಧ ಬರೆಯಬೇಕಿತ್ತು. ಸರೋಜಿನಿಯವರು ತಮ್ಮ ‘ಬರಬೇಡಿ’ಯ ಮೇಲೆಯೇ ಬರೆದರು. ಈ ಮಾತಿಗೆ ಆಧಾರವೇನು ಎಂದು ಪ್ರೊಫೆಸರ್ ಕೇಳಿದರು. ನಮ್ಮಜ್ಜಿ ಶೈಲಮ್ಮ, ಊರಿನ ಸೂಲಗಿತ್ತಿ, ಎಂದು ಇವರು ಬರೆದರು. ಮನೆಹೆಸರು ಮೊದಲು ಬರಬೇಕೆಂಬ ನಿಯಮದಂತೆ ಕಾಲೇಜು ಅದನ್ನು ‘ಅಮ್ಮ, ಶೈಲ’ ಎಂದು ತಿದ್ದಿ, ಆಧಾರವು ಐದು ವರ್ಷಕ್ಕಿಂತ ಹಳೆಯದಾಗಿರಬಾರದು, ಅಜ್ಜಿ ೧೯೮೪ರಲ್ಲೇ ತೀರಿಕೊಂಡಿರುವುದರಿಂದ ಸ್ವೀಕಾರಾರ್ಹವಲ್ಲ ಎಂದು ಹಿಂದಿರುಗಿಸಿತು. ಆಗ ಸರೋಜಿನಿಯವರು ಕ್ಯಾಂಟೀನಿನಲ್ಲಿ ನನ್ನೆದುರು ಬಂದು ಕೂತು, ಮನೆಗೆ ಹೊರಟ ರೋಗಿಗೆ ‘ಬರಬೇಡಿ’ ಎನ್ನಬೇಕೆಂಬ ಅಜ್ಜಿಯ ಮಾತನ್ನು ನನ್ನ ಬಾಯಿಂದ ಒಮ್ಮೆ ಹೇಳಿಸಿದರು. ಪ್ರಬಂಧದಲ್ಲಿ ‘ಕೃಷ್ಣಸ್ವಾಮಿ, ತಜ್ಞರ ಹೇಳಿಕೆ, ೨೦೧೦’ ಎಂದು ಅಚ್ಚಾಯಿತು. ಕಾಲೇಜು ತೃಪ್ತಿಪಟ್ಟಿತು. ಆಸ್ಪತ್ರೆಯಲ್ಲಿ ನನ್ನನ್ನು ಯಾರಾದರೂ ತಜ್ಞನೆಂದು ಕರೆದದ್ದು ಅದೊಂದೇ ಸಲ.

ಪ್ರಬಂಧಕ್ಕೆ ಮೊದಲ ದರ್ಜೆ ಸಿಕ್ಕಿತು, ಮೇ ತಿಂಗಳಲ್ಲಿ ಡಿಗ್ರಿಯೂ ಕೈಗೆ ಬಂತು. ಫಲಕದ ಪರಿಶೀಲನೆಗೆ ಬಂದವರು, ರೋಗಿಗಳು ಮತ್ತೆ ಬಾರದಂತೆ ನೋಡಿಕೊಂಡ ನಾಲ್ಕನೇ ಮಹಡಿಯನ್ನು ಹಾಡಿ ಹೊಗಳಿದರು. ಒಂದೇ ಕೃತ್ಯದ ಬಗ್ಗೆ ಪ್ರಶಸ್ತಿಪತ್ರವೂ ಆಪಾದನಾ ಪತ್ರವೂ ಒಂದೇ ದಿನ ನನ್ನ ಮೇಜಿಗೆ ಬಂದವು. ಎರಡನ್ನೂ ಒಂದೇ ಕಡತದಲ್ಲಿ ಹಾಕಿದೆ.

ಆಗಸ್ಟಿನಲ್ಲಿ ಫಲಕ ಮುಂಬಾಗಿಲಿಗೆ ಏರಿತು. ಮುಂದಿನ ಪರಿಶೀಲನೆ ನಾಲ್ಕು ವರ್ಷದ ನಂತರ ಎಂಬುದನ್ನು ಹಣಕಾಸು ವಿಭಾಗ ಗಮನಿಸಿತು. ಬ್ಯಾಚುಲರ್ ಡಿಗ್ರಿಯವರ ಸಂಬಳದ ದರ್ಜೆ ಮೇಲಿನದು ಎಂಬುದನ್ನೂ ಗಮನಿಸಿತು. ಸೆಪ್ಟೆಂಬರಿನಲ್ಲಿ, ಆರ್ಥಿಕ ಪರಿಸ್ಥಿತಿಯನ್ನು ಮತ್ತೊಮ್ಮೆ ಗಮನದಲ್ಲಿಟ್ಟುಕೊಂಡು, ಹೊಸದಾಗಿ ಡಿಗ್ರಿ ಪಡೆದವರೆಲ್ಲರನ್ನೂ ಬಿಡುಗಡೆ ಮಾಡಲಾಯಿತು. ಡಿಗ್ರಿ ತಾರದವರನ್ನು ಜೂನಿನಲ್ಲೇ ಬಿಡುಗಡೆ ಮಾಡಿಯಾಗಿತ್ತು. ಹೀಗಾಗಿ ಯಾರಿಗೂ ಭೇದಭಾವವಾಗಲಿಲ್ಲ.

ಸರೋಜಿನಿಯವರು ಬ್ಯಾಡ್ಜ್ ಒಪ್ಪಿಸುವಾಗ ನಾನು ಸಾಕ್ಷಿಯಾಗಿ ನಿಂತಿದ್ದೆ. ಸಿಬ್ಬಂದಿ ವಿಭಾಗದ ಹೆಂಗಸು ಕಾಗದಗಳಿಗೆ ಸಹಿ ಹಾಕಿಸಿಕೊಂಡು, ಎದ್ದು ನಿಂತು, ಮುಗುಳ್ನಕ್ಕು, “ನಮ್ಮನ್ನು ಆರಿಸಿಕೊಂಡದ್ದಕ್ಕೆ ಧನ್ಯವಾದ, ದಯವಿಟ್ಟು ಮತ್ತೆ ಬನ್ನಿ” ಎಂದಳು. ನಿಯಮ ಒಂದರಲ್ಲಿ ‘ಪ್ರತಿಯೊಬ್ಬರಿಗೂ’ ಎಂದೇ ಇತ್ತು.

ಹನ್ನೊಂದು ದಿನ ಅವರ ಮನೆಯಲ್ಲಿ ಇನ್ಶೂರೆನ್ಸ್ ಇರಲಿಲ್ಲ. ಆರು ದಿನಕ್ಕಿದ್ದ ಇನ್ಸುಲಿನ್ನನ್ನು ತನಿಯಪ್ಪನವರು ಹೆಂಡತಿಗೆ ಹೇಳದೆ ಹನ್ನೊಂದು ದಿನಕ್ಕೆ ಎಳೆದರಂತೆ. ಇಪ್ಪತ್ತು ವರ್ಷ ಊರವರ ಹೃದಯ ಕಾದ ಹೆಂಗಸಿಗೆ ಮನೆಯೊಳಗಿನದು ತಿಳಿಯಲಿಲ್ಲ. ಇದನ್ನು ಕೇಳಿದಾಗ ಬರೆದಿಡಲು ಕಾಗದ ತೆಗೆದೆ, ಆದರೆ ಸಂಬಂಧಪಟ್ಟ ಕಡತ ಯಾವುದೆಂದು ಗೊತ್ತಾಗಲಿಲ್ಲ.

ಹನ್ನೆರಡನೇ ದಿನ ಆಸ್ಪತ್ರೆ ಜಾಹೀರಾತು ಹೊರಡಿಸಿತು: ನಾಲ್ಕನೇ ಮಹಡಿಗೆ ಅಸೋಸಿಯೇಟ್ ಡಿಗ್ರಿಯ ನರ್ಸುಗಳು ಬೇಕಾಗಿದ್ದಾರೆ, ಹೆಚ್ಚಿನ ವಿದ್ಯಾರ್ಹತೆಯುಳ್ಳವರು ಅರ್ಜಿ ಹಾಕಬೇಕಾಗಿಲ್ಲ. ಸರೋಜಿನಿಯವರು ೧೯೯೦ರ ಹಳೇ ಸರ್ಟಿಫಿಕೇಟು ಹಿಡಿದು ಬಂದರು. ಹೊಸದನ್ನು ಒಂದು ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟು, “ಇದನ್ನು ಯಾರಿಗೂ ತೋರಿಸ್ಬೇಡಿ ಮಾರಾಯ್ರೆ, ಫಲಕದವರು ಬರುವಾಗ ತೆಗೀವ” ಎಂದರು. ನನ್ನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಮೊದಲ ಸಲ ನಾನೊಂದು ದಾಖಲೆಯನ್ನು ಸರಿಯಾದ ಜಾಗದಲ್ಲಿಟ್ಟೆ ಅನ್ನಿಸಿತು.

ಸಿಬ್ಬಂದಿ ವಿಭಾಗದ ಅದೇ ಹೆಂಗಸು ಸಂದರ್ಶನ ಮಾಡಿದಳು. ನಮ್ಮ ಆಸ್ಪತ್ರೆಗೇ ಬರಬೇಕೆಂದು ನಿಮಗೇಕೆ ಅನ್ನಿಸಿತು ಎಂದು ನಮೂನೆಯಲ್ಲಿದ್ದಂತೆ ಕೇಳಿದಳು.

“ನೀವೇ ಮತ್ತೆ ಬನ್ನಿ ಅಂದ್ರಲ್ಲಾ” ಎಂದರು ಸರೋಜಿನಿ.

ಅವಳು ಅದನ್ನು ಹಾಗೆಯೇ ಬರೆದುಕೊಂಡಳು. ಇನ್ಶೂರೆನ್ಸ್ ಅಂದಿನಿಂದಲೇ ಶುರುವಾಯಿತು, ಸಂಬಳ ಮಾತ್ರ ಹೊಸಬರದು. ಸೋಮವಾರದಿಂದ ಪ್ರಣೀತಾ ಅವರಿಗೆ ಆರು ವಾರದ ತರಬೇತಿ ಕೊಟ್ಟಳು.

ವರ್ಷದ ಕೊನೆಯಲ್ಲಿ ‘ಮತ್ತೆ ಬನ್ನಿ’ ಅಭಿಯಾನದ ವರದಿ ಬರೆಯುವ ಕೆಲಸ ನನಗೆ ಬಂತು. ಅಭಿಯಾನದ ಮಾತು ಕೇಳಿಯೇ ಹಿಂದಿರುಗಿದ್ದಾಗಿ ಲಿಖಿತವಾಗಿ ದಾಖಲಾದವರ ಸಂಖ್ಯೆ ಎಂಬ ಕಾಲಮ್ಮಿನಲ್ಲಿ, ಸಂದರ್ಶನದ ನಮೂನೆಯನ್ನು ಲಗತ್ತಿಸಿ, ‘ಒಂದು’ ಎಂದು ತುಂಬಿದೆ. ಮಂಡಳಿಯವರು ಓದಿ ಚಪ್ಪಾಳೆ ತಟ್ಟಿ, ಅಭಿಯಾನವನ್ನು ಇನ್ನೊಂದು ವರ್ಷಕ್ಕೆ ವಿಸ್ತರಿಸಿದರು. ಆ ಹೊತ್ತಿಗೆ ಸರೋಜಿನಿಯವರು ನಾಲ್ಕನೇ ಮಹಡಿಯಲ್ಲಿ ಯಾರದೋ ಕೈಹಿಡಿದು, ಇನ್ನು ಇಲ್ಲಿಗೆ ಬರಬೇಡಿ ಎನ್ನುತ್ತಿದ್ದರು.