ಎರಡು ನಾಯಿಮರಿ, ಎರಡು ಮೂಳೆ

ಎಲ್ಲ ಅನಾಹುತಕ್ಕೂ ಮೂಲ ಒಂದು ಬಿಳಿ ಗುಂಡು. ಗೋಲಿಯಷ್ಟು ದಪ್ಪದ ಗುಂಡು, ಕೂದಲೆಳೆಯಷ್ಟು ಸಡಿಲವಾಗಿತ್ತು. ಬೇರೆ ಯಾರ ಕಣ್ಣಿಗೂ ಅದು ಬೀಳುತ್ತಿರಲಿಲ್ಲ. ಆದರೆ ನೋಡುತ್ತಿದ್ದವನು ಟಿಕ್‌ಟಿಕ್ ಮಾಮ.

ಇಪ್ಪತ್ತು ವರ್ಷದಿಂದ ಗಡಿಯಾರ ರಿಪೇರಿ ಮಾಡಿಕೊಂಡಿರುವ ಈ ಮನುಷ್ಯನಿಗೆ ಆ ಮೂರಂತಸ್ತಿನ ಕಟ್ಟಡದಲ್ಲಿ ಬೇರೆ ಹೆಸರೇ ಇಲ್ಲ. ಅವನ ಕಸುಬಿಗೆ ಇದ್ದದ್ದು ಒಂದೇ ವೇದವಾಕ್ಯ: ಬಿಚ್ಚಿದ್ದನ್ನು ಜೋಡಿಸಿದ ಮೇಲೆ ಒಂದು ತಿರುಪೂ ಉಳಿಯಬಾರದು, ಉಳಿಯದಿದ್ದರೆ ಕೆಲಸ ಸರಿ. ಅವನ ಮನೆಯ ಗೋಡೆ ಗಡಿಯಾರವನ್ನು ಜೋಡಿಸಿದಾಗಲೂ ಒಂದು ತಿರುಪು ಉಳಿದಿರಲಿಲ್ಲ. ಅವತ್ತಿನಿಂದ ಅದು ಹಿಂದಕ್ಕೆ ಓಡುತ್ತಿತ್ತು.

ಮಗಳು ಒಂಬತ್ತನೇ ತರಗತಿ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಹದಿನೈದು ದಿನ ಕೂತು ಗ್ಲೂಕೋಸ್ ಎಂಬ ಸಕ್ಕರೆಯ ಒಂದು ಅಣುವನ್ನು ಮಾಡಿದ್ದಳು. ಒಂದೊಂದು ಗುಂಡೂ ಒಂದೊಂದು ಪರಮಾಣು: ಕಪ್ಪು ಆರು, ಬಿಳಿ ಹನ್ನೆರಡು, ಕೆಂಪು ಆರು. ಗುಂಡುಗಳನ್ನು ಹಿಡಿದಿಟ್ಟಿದ್ದು ಸಣ್ಣ ಸಣ್ಣ ರಬ್ಬರ್ ಕೊಳವೆಯ ತುಂಡುಗಳು, ಅವೂ ಇಪ್ಪತ್ತನಾಲ್ಕು. ಮೊದಲ ಬಹುಮಾನ ಬಂದವರಿಗೆ ಒಂದು ವಾರದ ವಿಜ್ಞಾನ ಶಿಬಿರ. ಮೂರು ವರ್ಷದಿಂದ ಹುಡುಗಿಯ ಜೀವವೆಲ್ಲ ಆ ಶಿಬಿರದ ಮೇಲೆ. ಹೋದ ವರ್ಷ ಅವಳ ಜ್ವಾಲಾಮುಖಿಯನ್ನು ಅಪ್ಪ 'ಸ್ವಲ್ಪ ಸರಿ ಮಾಡಲು' ಹೋಗಿ ಅದು ಮನೆಯಲ್ಲೇ ಸಿಡಿದಿತ್ತು.

ಆದ್ದರಿಂದ ಮೇಜು ಸಿದ್ಧಮಾಡಲು ಮುಂಚೆಯೇ ಶಾಲೆಗೆ ಹೊರಟ ಮಗಳು ಬಾಗಿಲಲ್ಲಿ ನಿಂತು ಮೂರು ಸಲ ಹೇಳಿದ್ದಳು: "ಅಪ್ಪಾ, ಹನ್ನೊಂದು ಗಂಟೆಗೆ ಸುಮ್ನೆ ಎತ್ಕೊಂಡು ಬಾ. ಏನನ್ನೂ ಮುಟ್ಟಬೇಡ. ರಿಪೇರಿ ಮಾಡಬೇಡ. ನನ್ನಾಣೆ."

"ನನಗೇನು ಹುಚ್ಚೇನಮ್ಮಾ?" ಎಂದಿದ್ದ ಮಾಮ.

ಹತ್ತು ಗಂಟೆಗೆ ತಟ್ಟೆಯ ಸಮೇತ ಅಣುವನ್ನು ಎತ್ತಿಕೊಂಡು ಮೆಟ್ಟಿಲಿಗೆ ಬಂದ. ಆಗ ಕಂಡಿತು ಆ ಬಿಳಿ ಗುಂಡು. ಅಯ್ಯೋ, ಸಡಿಲ! ಮಾಮನ ಹೆಬ್ಬೆರಳು ತುರಿಸತೊಡಗಿತು. ಒಂದೇ ಒಂದು ಸಲ ಒತ್ತಿದರೆ ಆಯಿತಲ್ಲ? ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುವುದು ಇಂಥವರನ್ನು ನೋಡಿಯೇ. ಒಂದು ಕೈಯಲ್ಲಿ ತಟ್ಟೆ ಹಿಡಿದು ಇನ್ನೊಂದು ಕೈಯಿಂದ ಒತ್ತಿದ. ಈ ಕಡೆಯ ಬಿಳಿ ಒಳಗೆ ಹೋಯಿತು, ಆ ಕಡೆಯ ಕೆಂಪು ಹೊರಗೆ ಹಾರಿತು. ಕೆಂಪನ್ನು ಹಿಡಿಯಲು ಬಗ್ಗಿದ. ತಟ್ಟೆಯೂ ಬಗ್ಗಿತು.

ಟಕ್, ಟಕ್, ಟಟಟಕ್ ಎಂದು ಮೂರು ಅಂತಸ್ತಿನ ಮೆಟ್ಟಿಲ ಮೇಲೂ ಸಕ್ಕರೆ ಕುಣಿಯುತ್ತಾ ಇಳಿಯಿತು.

ಮೊದಲು ತೆರೆದದ್ದು ಎರಡನೇ ಅಂತಸ್ತಿನ ಬಾಗಿಲು. ನಿವೃತ್ತ ಚರಿತ್ರೆ ಮೇಷ್ಟ್ರು, ಅರ್ಧ ಮುಖದಲ್ಲಿ ಶೇವಿಂಗ್ ನೊರೆ. "ಏನ್ರೀ ಇದು, ಮುತ್ತಿಗೆ ಹಾಕಿದ ಹಾಗೆ?"

"ಮಗಳ ಸಕ್ಕರೆ ಮೇಷ್ಟ್ರೇ! ಬಿದ್ದೋಯ್ತು! ಹನ್ನೊಂದೂವರೆಗೆ ತೀರ್ಪುಗಾರರು ಬರ್ತಾರೆ!"

ಕೆಳಗಿನಿಂದ ಉಲ್ಲನ್ ಅಜ್ಜಿ ಕೂಗಿದರು. ದಿನವಿಡೀ ಮೊಮ್ಮಕ್ಕಳಿಗೆ ಉಲ್ಲನ್ ಗೊಂಬೆ ಹೆಣೆಯುವ ಅಜ್ಜಿ. "ಯಾರಪ್ಪಾ ಅದು ನನ್ನ ಬುಟ್ಟಿಗೆ ಕಲ್ಲು ಹೊಡೀತಿರೋದು?"

ಆಮೇಲೆ ಶುರುವಾದ ಬೇಟೆಯನ್ನು ನೋಡಬೇಕಿತ್ತು. ಮಾಮ ನಾಲ್ಕು ಕಾಲಲ್ಲಿ ಮೆಟ್ಟಿಲಿಳಿದ. ಮೇಷ್ಟ್ರು ಪೊರಕೆಯ ಹಿಡಿಯಿಂದ ಚರಂಡಿಯ ಬಾಯಿಯನ್ನು ಕೆದಕಿ ಕಪ್ಪು ಗುಂಡೊಂದನ್ನು ಎಬ್ಬಿಸಿದರು. ಕೊಳವೆಗಳೆಲ್ಲ ಸಿಕ್ಕವು, ಗುಂಡು ಇಪ್ಪತ್ತಮೂರು ಸಿಕ್ಕವು. ಇಪ್ಪತ್ತನಾಲ್ಕನೆಯದು ಎಲ್ಲಿ ಹುಡುಕಿದರೂ ಇಲ್ಲ. ಕೊನೆಗೆ ಅಜ್ಜಿಯ ಬುಟ್ಟಿಯನ್ನು ಬೋರಲು ಹಾಕಿದಾಗ ಬಿಳಿ ಉಲ್ಲನ್ ಉಂಡೆಯೊಳಗಿಂದ ಅದು ಜಾಣನಂತೆ ಹೊರಬಂತು. ಮೂವರೂ ಒಟ್ಟಿಗೆ ಕೂಗಿಕೊಂಡರು.

ಈಗ ಪ್ರಶ್ನೆ: ಇದು ಹೇಗಿತ್ತು? ಅಣುವಿನ ಚಿತ್ರ ಮಗಳ ಜೊತೆ ಶಾಲೆಗೆ ಹೋಗಿತ್ತು. ಶಾಲೆಯಲ್ಲಿ ಅವಳ ಕೈಯಲ್ಲಿ ಫೋನಿಲ್ಲ. ತಟ್ಟೆಗೆ ಅಂಟಿಸಿದ್ದ ಚೀಟಿಯೊಂದು ಮಾತ್ರ ಉಳಿದಿತ್ತು. ಮೇಷ್ಟ್ರು ಕನ್ನಡಕ ಏರಿಸಿ ಓದಿದರು. "ಸಿ ಆರು, ಎಚ್ ಹನ್ನೆರಡು, ಓ ಆರು. ಇದ್ಯಾರ ಮನೆ ನಂಬರ್ರೀ?"

"ಅದು ಅಣುಸೂತ್ರ ಮೇಷ್ಟ್ರೇ. ಯಾವ ಗುಂಡು ಎಷ್ಟು ಅಂತ. ಮುಂದಕ್ಕೆ ಓದಿ."

"ಕಪ್ಪು, ಇಂಗಾಲ, ನಾಲ್ಕು ತೂತು. ಕೆಂಪು, ಆಮ್ಲಜನಕ, ಎರಡು ತೂತು. ಬಿಳಿ, ಜಲಜನಕ, ಒಂದು ತೂತು. ಯಾವ ತೂತೂ ಖಾಲಿ ಇರಬಾರದು."

ಮಾಮನ ಮುಖ ಅರಳಿತು. ಇದು ತನ್ನ ಕಸುಬಿನ ಮಾತೇ! ಏನೂ ಉಳಿಯಬಾರದು, ಅಷ್ಟೇ ತಾನೆ?

ಮೊದಲ ಪ್ರಯತ್ನ ಮೇಷ್ಟ್ರದ್ದು. "ನಾನ್ ಹೇಳ್ತೀನಿ ಕೇಳಿ, ದೊಡ್ಡದೆಲ್ಲ ಕೋಟೆ ಆಕಾರದಲ್ಲೇ ಇರತ್ತೆ" ಎಂದು ಕಪ್ಪು ಗುಂಡುಗಳ ಕೋಟೆ ಕಟ್ಟಿಸಿದರು. ಕೋಟೆ ಎದ್ದಿತು, ನಾಲ್ಕು ಬಿಳಿ ಗುಂಡುಗಳಿಗೆ ಜಾಗವೇ ಸಿಗಲಿಲ್ಲ. ಎರಡನೆಯದು ಉದ್ದದ ಸರ. ಎತ್ತಿದ ಕೂಡಲೇ ನಡುವೆ ಮುರಿಯಿತು. ಹತ್ತೂ ಮುಕ್ಕಾಲು.

"ಸರೀರಿ ಆಚೆ" ಎಂದರು ಅಜ್ಜಿ. "ದೊಡ್ಡ ಗೊಂಬೆ ಹೆಣೆಯೋಕೆ ಬರದೇ ಇದ್ರೆ ಚಿಕ್ಕದು ಎರಡು ಹೆಣೀಬೇಕು. ಎರಡು ಕಪ್ಪು ಸೇರಿಸು. ಇದು ಮೈ. ಹಿಂದಿನ ಕಪ್ಪಿಗೆ ಮೂರು ಬಿಳಿ. ಎರಡು ಕಾಲು, ಒಂದು ಬಾಲ. ಮುಂದಿನದಕ್ಕೆ ಎರಡು ಬಿಳಿ, ಮುಂಗಾಲು. ಕುತ್ತಿಗೆಗೆ ಕೆಂಪು ತಲೆ. ತಲೆ ತುದಿಗೆ ಬಿಳಿ ಮೂಗು. ನೋಡು, ನಾಯಿಮರಿ!"

ಮಾಮ ತೂತುಗಳನ್ನು ಪರೀಕ್ಷಿಸಿದ. ಒಂದೂ ಖಾಲಿ ಇಲ್ಲ! ಚಕಚಕನೆ ಎರಡನೇ ನಾಯಿಮರಿಯನ್ನೂ ಮಾಡಿದ. ಉಳಿದದ್ದು ಎರಡು ಕಪ್ಪು, ನಾಲ್ಕು ಕೆಂಪು, ಎಂಟು ಕೊಳವೆ. ಕೆಂಪು, ಕಪ್ಪು, ಕೆಂಪು ಎಂದು ಸಾಲಾಗಿಟ್ಟು, ಪ್ರತಿ ಜೋಡಿಯ ನಡುವೆ ಎರಡೆರಡು ಕೊಳವೆ ಬಗ್ಗಿಸಿ ಸಿಕ್ಕಿಸಿದ. ಥೇಟ್ ಮೂಳೆ! ಹಾಗೆಯೇ ಇನ್ನೊಂದು.

"ನಾಯಿಗೊಂದು ಮೂಳೆ. ಲೆಕ್ಕ ಪಕ್ಕಾ" ಎಂದರು ಮೇಷ್ಟ್ರು, ಎಲ್ಲವನ್ನೂ ತಾವೇ ಮಾಡಿದವರಂತೆ.

ತಟ್ಟೆ ಹಿಡಿದು ಮಾಮ ಓಡಿದ. ಹನ್ನೊಂದು ಇಪ್ಪತ್ತೆಂಟಕ್ಕೆ ಏದುಸಿರು ಬಿಡುತ್ತಾ ಮಗಳ ಮೇಜಿನ ಮೇಲೆ ತಟ್ಟೆ ಇಟ್ಟ. ಹಿಂದೆ ದೊಡ್ಡ ಅಕ್ಷರದಲ್ಲಿ 'ಗ್ಲೂಕೋಸ್' ಎಂಬ ಫಲಕ. ಮುಂದೆ ಎರಡು ನಾಯಿಮರಿ, ಎರಡು ಮೂಳೆ.

ಮಗಳ ಕಣ್ಣು ತುಂಬಿತು. "ಅಪ್ಪಾ... ಏನಿದು?"

"ಒಂದು ಗುಂಡೂ ಕಳೆದಿಲ್ಲಮ್ಮಾ! ಒಂದು ತೂತೂ ಖಾಲಿ ಇಲ್ಲ!"

ಅವಳು ಉತ್ತರ ಕೊಡುವ ಮೊದಲೇ ತೀರ್ಪುಗಾರರು ಬಂದುಬಿಟ್ಟರು. ಬಿಳಿಕೂದಲಿನ ರಸಾಯನಶಾಸ್ತ್ರದ ಪ್ರೊಫೆಸರಮ್ಮ. ಫಲಕ ನೋಡಿದರು, ತಟ್ಟೆ ನೋಡಿದರು, ಹುಬ್ಬೇರಿಸಿದರು. "ಗ್ಲೂಕೋಸ್ ಎಲ್ಲಮ್ಮಾ?"

ಮಾಮ ಬೆವರು ಒರೆಸಿಕೊಂಡ. ಮಗಳು ತಟ್ಟೆಯನ್ನೇ ದಿಟ್ಟಿಸುತ್ತಿದ್ದಳು. ತುಟಿ ಅಲುಗಾಡುತ್ತಿತ್ತು: ಸಿ ಎರಡು... ಎಚ್ ಆರು... ಓ ಒಂದು... ಹಠಾತ್ತನೆ ಅವಳ ಮುಖದಲ್ಲಿ ದೀಪ ಹೊತ್ತಿತು.

"ಇತ್ತು ಮೇಡಂ. ಆಗಲೇ ಹುದುಗಿ ಹೋಯ್ತು!"

"ಏನಂದೆ?"

"ನೋಡಿ ಮೇಡಂ, ಇವೆರಡು ಆಲ್ಕೊಹಾಲ್. ಇವೆರಡು ಕಾರ್ಬನ್ ಡೈಆಕ್ಸೈಡ್. ಯೀಸ್ಟ್ ಸೇರಿ ಸಕ್ಕರೆ ಹುದುಗಿದಾಗ ಆಗೋದು ಇವೇ. ಪರಮಾಣುಗಳು ಮಾತ್ರ ಅವೇ. ಆರು ಇಂಗಾಲ, ಹನ್ನೆರಡು ಜಲಜನಕ, ಆರು ಆಮ್ಲಜನಕ. ಒಂದೂ ಕಳೆದಿಲ್ಲ, ಒಂದೂ ಹೊಸದಾಗಿ ಹುಟ್ಟಿಲ್ಲ. ಕೈ ಹಿಡ್ಕೊಳ್ಳೋರು ಬದಲಾದ್ರು, ವಸ್ತುನೇ ಬದಲಾಯ್ತು!"

ಪ್ರೊಫೆಸರಮ್ಮ ಎಣಿಸಿದರು. ಮತ್ತೆ ಎಣಿಸಿದರು. ಆಮೇಲೆ ಚಿಕ್ಕ ಹುಡುಗಿಯಂತೆ ಚಪ್ಪಾಳೆ ತಟ್ಟಿದರು. "ಬೆಳಗಿನಿಂದ ನೋಡಿದ್ದೆಲ್ಲ ಬರೀ ಗೊಂಬೆ. ಕ್ರಿಯೆ ತೋರಿಸಿದ್ದು ನೀನೊಬ್ಬಳೇ! ಇದು ಯಾರ ಉಪಾಯ?"

ಹುಡುಗಿ ಸುಳ್ಳು ಹೇಳುವವಳಲ್ಲ. "ನಾನು ಮಾಡಿದ್ದು ಸಕ್ಕರೆ ಮೇಡಂ. ಇದನ್ನ ಜೋಡಿಸಿದ್ದು ನಮ್ಮಪ್ಪ." ಹಾಗೆಂದು ಅಪ್ಪನ ಕಡೆ ತಿರುಗಿದಳು. "ಅಪ್ಪಾ, ನಿನಗೆ ಇದೆಲ್ಲ ಗೊತ್ತಿತ್ತಾ?"

ಆ ಕಣ್ಣುಗಳಲ್ಲಿ ಅಂಥ ಬೆರಗನ್ನು ಮಾಮ ಇದುವರೆಗೆ ಕಂಡಿರಲಿಲ್ಲ. ಜ್ವಾಲಾಮುಖಿ, ಹಿಂದಕ್ಕೆ ಓಡುವ ಗಡಿಯಾರ, ಎಲ್ಲ ಆ ನೋಟದಲ್ಲಿ ಕರಗಿ ಹೋಗಿತ್ತು. 'ಮೆಟ್ಟಿಲ ಮೇಲೆ ಬಿತ್ತಮ್ಮಾ' ಎಂಬ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು.

"ಏನೋ... ಸ್ವಲ್ಪ. ನಮ್ಮ ಕಾಲದಲ್ಲಿ ಓದಿದ್ದು" ಎಂದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಸಕ್ಕರೆ ಮಾಡಿದ್ದೂ ವಿವರಿಸಿದ್ದೂ ನೀನು, ಬಹುಮಾನ ನಿನ್ನದೇ" ಎಂದು ಮಗಳ ಬೆನ್ನು ತಟ್ಟಿದ ಪ್ರೊಫೆಸರಮ್ಮ ಮಾಮನ ಕೈ ಹಿಡಿದುಕೊಂಡರು. "ನಿಮ್ಮಂಥವರನ್ನೇ ಹುಡುಕ್ತಿದ್ದೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಶಿಬಿರ ಶುರು. ಮೊದಲ ಪಾಠ ನಿಮ್ಮದು. ಇನ್ನೂರು ಮಕ್ಕಳ ಮುಂದೆ ಇದೇ ಗುಂಡುಗಳನ್ನ ಬಿಚ್ಚಿ, ವಾಪಸ್ ಸಕ್ಕರೆ ಜೋಡಿಸಿ ತೋರಿಸಿ. ನಿಮಗೇನು, ಹತ್ತು ನಿಮಿಷದ ಕೆಲಸ!"

"ನಾನು ಮುಂದಿನ ಸಾಲಲ್ಲೇ ಕೂತ್ಕೋತೀನಿ ಅಪ್ಪಾ!" ಎಂದಳು ಮಗಳು.

ಸಂಜೆ ಮೂರನೇ ಅಂತಸ್ತಿನ ಮೆಟ್ಟಿಲ ಮೇಲೆ ಮತ್ತೆ ಮೂವರೂ ಕೂತಿದ್ದರು. ನಡುವೆ ಇಪ್ಪತ್ತನಾಲ್ಕು ಗುಂಡು. ಐದನೇ ಸಲವೂ ಆದದ್ದು ಎರಡು ನಾಯಿಮರಿ, ಎರಡು ಮೂಳೆ. "ಕೋಟೆನೇ ಸರಿ ಇತ್ತು" ಎಂದು ಮೇಷ್ಟ್ರು ಗೊಣಗಿದರು. "ನಾಯಿಗೇನಪ್ಪಾ ಕಮ್ಮಿ ಆಗಿದೆ?" ಎಂದು ಅಜ್ಜಿ ಮುನಿಸಿಕೊಂಡರು.

ಒಳಗೆ ಶಿಬಿರಕ್ಕೆ ಚೀಲ ತುಂಬುತ್ತಿದ್ದ ಮಗಳು ಬಾಗಿಲಿಂದ ಇಣುಕಿದಳು. "ಅಪ್ಪಾ, ಏನಾದ್ರೂ ಸಹಾಯ ಬೇಕಾ?"

ಕೇಳಿದರೆ ಒಂದೇ ನಿಮಿಷದಲ್ಲಿ ಜೋಡಿಸಿಕೊಡುತ್ತಿದ್ದಳು. ಮಾಮ ಅವಳ ಮುಖ ನೋಡಿದ. ಆ ಬೆರಗು ಇನ್ನೂ ಆರಿರಲಿಲ್ಲ.

"ಬೇಡಮ್ಮಾ. ಸುಮ್ನೆ ಮೇಷ್ಟ್ರಿಗೆ ಹೇಳಿಕೊಡ್ತಿದ್ದೀನಿ."

ತೆರೆದ ಬಾಗಿಲಿನಿಂದ ಗೋಡೆ ಗಡಿಯಾರ ಕಾಣುತ್ತಿತ್ತು. ಊರಿನ ಗಡಿಯಾರಗಳೆಲ್ಲ ನಾಳೆಯ ಹತ್ತು ಗಂಟೆಯ ಕಡೆಗೆ ಓಡುತ್ತಿದ್ದವು. ಅದೊಂದು ಮಾತ್ರ ಇವತ್ತಿನ ಬೆಳಗಿನ ಹತ್ತರ ಕಡೆಗೆ, ಆ ಬಿಳಿ ಗುಂಡು ಇನ್ನೂ ಸಡಿಲವಾಗಿದ್ದ ಗಳಿಗೆಯ ಕಡೆಗೆ ಹೋಗುತ್ತಿತ್ತು. ಇಪ್ಪತ್ತು ವರ್ಷದಲ್ಲಿ ತಾನು ಸರಿಯಾಗಿ ರಿಪೇರಿ ಮಾಡಿದ ಗಡಿಯಾರ ಅದೊಂದೇ ಎಂದು ಮಾಮನಿಗೆ ಅನ್ನಿಸಿತು.