ಸಾಹೇಬರ ಲಿಂಬೆಹಣ್ಣಿನ ಭಕ್ತಿ

ಸಾಹೇಬರ ಜೀಪು ಓಡಿಸುವವನಿಗೆ ನಗುವಿಗೇನೂ ಬರವಿಲ್ಲ, ನಗಬಾರದು, ಅಷ್ಟೇ. ಕುಷ್ಟಗಿಯಲ್ಲಿ ನಾನು ಹಲ್ಲು ಕಚ್ಚಿ ತಡೆದ ನಗುವಿನಲ್ಲಿ ಅರ್ಧ ಪಾಲು ಒಬ್ಬರೇ ಸಾಹೇಬರದು. ಅವರಿಗೆ ಎರಡೇ ಹುಚ್ಚು: ಗಂಗಾವತಿಗೆ ವರ್ಗವಾಗಬೇಕು, ಎಲ್ಲದಕ್ಕೂ ಲಿಂಬೆಹಣ್ಣು ಬೇಕು.

ಕೈಗೊಂದು ಹಣ್ಣು

ನಮ್ಮ ಕಡೆ ದೊಡ್ಡವರನ್ನು ಕಾಣಲು ಬರಿಗೈಯಲ್ಲಿ ಹೋಗುವುದಿಲ್ಲ, ಲಿಂಬೆಹಣ್ಣು ಕೊಟ್ಟು ನಮಸ್ಕಾರ ಮಾಡುತ್ತೇವೆ. ಸಾಹೇಬರು ಈ ಮರ್ಯಾದೆಯನ್ನೆಲ್ಲ ಚೀಲ ತುಂಬಿಸಿ ಮನೆಗೆ ಕಳಿಸುತ್ತಿದ್ದರು. ಅಮ್ಮಾವರು ಉಪ್ಪಿನಕಾಯಿ ಹಾಕಿ ಹಾಕಿ ಬೇಸತ್ತಿದ್ದರು. ತಾವರಗೇರಾದ ರೈತನೊಬ್ಬ ಪ್ರತಿ ಸಲ ಹಣ್ಣು ಕೊಡುತ್ತಿದ್ದ, ಪ್ರತಿ ಸಲ "ಮುಂದಿನ ವಾರ ಬಾ" ಅನ್ನಿಸಿಕೊಳ್ಳುತ್ತಿದ್ದ. ಒಂದು ದಿನ ಬರಿಗೈಯಲ್ಲೇ ಬಂದ.

"ಯಾಕೋ, ಇವತ್ತ ಹಣ್ಣ ತಂದಿಲ್ಲೇನು?"

"ಗಿಡದಾಗಿನ ಹಣ್ಣೆಲ್ಲಾ ಮುಗದ್ವರಿ ಸಾಹೇಬ್ರ. ನನ್ನ ಕೆಲಸ ಯಾವಾಗ ಮುಗಿತೈತ್ರಿ?"

ಗಾಜಿಗೆ ಲಿಂಬೆರಸ

ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುವಂತೆ, ಸಾಹೇಬರು ಗಂಗಾವತಿಯಲ್ಲಿ ಬಾಡಿಗೆ ಮನೆ ನೋಡಿಕೊಂಡು, ವರ್ಗ ಕೇಳಲು ಕೊಪ್ಪಳದ ದೊಡ್ಡ ಸಾಹೇಬರ ಕಡೆ ಹೊರಟರು. ಜೀಪು ಮಿಂಚಬೇಕಂತೆ. ಲಿಂಬೆರಸ ತಿಕ್ಕಿದರೆ ಗಾಜು ಫಳಫಳ ಅನ್ನುತ್ತದೆಂದು ಫೋನಿನಲ್ಲಿ ಬಂದಿತ್ತು. ತಿಕ್ಕಿದೆ. ಒರೆಸಲು ಬಿಡಲಿಲ್ಲ. "ನಡಿ, ತಾನ ಒಣಗತೈತಿ" ಅಂದರು.

ಗಿಣಿಗೇರಾ ಬರುವಷ್ಟರಲ್ಲಿ ಫ್ಯಾಕ್ಟರಿ ಧೂಳೆಲ್ಲ ಅಂಟಿ ಗಾಜು ರೊಟ್ಟಿ ಹಂಚಾಯಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ ಓಡಿಸಿದೆ.

"ಫೋನಿನಾಗ ಹಿಂಗ ಆಗತೈತಿ ಅಂತ ಹೇಳಿರಲಿಲ್ಲಲ್ಲೋ!"

"ಫೋನಿನವ್ರು ಗಿಣಿಗೇರಾ ನೋಡಿಲ್ರಿ ಸರ್."

ಕುರ್ಚಿ ಕೆಳಗೆ

ದೊಡ್ಡ ಸಾಹೇಬರು "ನೋಡೋಣ" ಎಂದರು. ನಮ್ಮವರಿಗೆ ಅಷ್ಟು ಸಾಲಲಿಲ್ಲ. ಯಲಬುರ್ಗಾ ಕಡೆ ಮಂತ್ರಿಸಿ ಕೊಡುವವನೊಬ್ಬನಿಂದ ಕುಂಕುಮ ಹಚ್ಚಿ ದಾರ ಸುತ್ತಿದ ಲಿಂಬೆಹಣ್ಣು ತಂದರು. ಗಂಗಾವತಿ ಸಾಹೇಬರ ಕುರ್ಚಿ ಕೆಳಗೆ ಇಟ್ಟರೆ ಕುರ್ಚಿ ನಮ್ಮದಾಗುತ್ತದಂತೆ. ಇಡುವ ಪುಣ್ಯ ನನಗೆ.

ಊಟದ ಹೊತ್ತಿನಲ್ಲಿ ಹೋಗಿ ಬಗ್ಗಿ ನೋಡಿದರೆ, ಅಲ್ಲೊಂದು ಲಿಂಬೆಹಣ್ಣು ಆಗಲೇ ಕೂತಿತ್ತು. ಅದೇ ಕುಂಕುಮ, ಅದೇ ದಾರ! ಬಾಗಿಲಲ್ಲಿ ಅಲ್ಲಿನ ಡ್ರೈವರ್.

"ಅದು ನಮ್ಮ ಸಾಹೇಬ್ರದಪಾ. ಕುರ್ಚಿ ಕೈ ಬಿಡಬಾರದಂತ ಯಲಬುರ್ಗಾದಿಂದ ತಂದಾರ."

"ನಮ್ಮದೂ ಅಲ್ಲಿಂದನ!"

"ಹಂಗಾರ ಇಡು, ಜೋಡಿ ಇರಲಿ."

ಎಂಟು ದಿನಕ್ಕೆ ಆರ್ಡರ್ ಬಂತು. ಗಂಗಾವತಿ ಸಾಹೇಬರು ಎತ್ತಲೋ ಹೋದರು, ನಮ್ಮವರು ಕುಷ್ಟಗಿಯಲ್ಲೇ ಉಳಿದರು, ಆ ಕುರ್ಚಿಗೆ ಹೊಸ ಮೇಡಂ ಬಂದರು. ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು, ಕೈಯಲ್ಲಿ ಹೂವಿನ ಹಾರ ಹಿಡಿದು ನಮ್ಮ ಸಾಹೇಬರು ಅಭಿನಂದಿಸಲು ಹೋದರು. ಮೇಡಂ ಷರಬತ್ತು ತರಿಸಿದರು. ಬಿಸಿಲಿಗೆ ಬಂದವರು ಒಂದೇ ಗುಟುಕಿಗೆ ಲೋಟ ಖಾಲಿ ಮಾಡಿ ಬಾಯಿ ಒರೆಸಿಕೊಂಡರು.

"ಭಾಳ ಛಲೋ ಐತ್ರಿ ಮೇಡಂ!"

"ಲಿಂಬಿಹಣ್ಣು ಈ ಕುರ್ಚಿ ಕೆಳಗ ಸಿಕ್ಕಾವ್ರಿ ಸರ್. ಯಾರೋ ಪುಣ್ಯಾತ್ಮರು ಎರಡು ಇಟ್ಟಿದ್ರು. ಸಕ್ಕರಿ ಅಷ್ಟ ನಂದು."